ಅರಿಶಿನದ ಮಾತ್ರೆ ಮೆದುಳಿನ ಕ್ಯಾನ್ಸರ್ ಕೋಶ ಕೊಲ್ಲುತ್ತದೆ ಅಂತ ಲ್ಯಾಬ್ ವರದಿ ಇದೆ. ಅಪ್ಪನಿಗೆ ಕೊಡಬಹುದಾ?

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 61 ವರ್ಷ. ತಲೆಯಲ್ಲಿ ಗ್ಲಯೋಬ್ಲಾಸ್ಟೋಮಾ ಅನ್ನುವ ಕ್ಯಾನ್ಸರ್ ಗಡ್ಡೆ, ಗ್ರೇಡ್ 4. ಬೆಂಗಳೂರಿನಲ್ಲಿ ಆಪರೇಷನ್ ಆಯ್ತು. ಈಗ ರೇಡಿಯೇಷನ್ ನಡೀತಿದೆ, ಜೊತೆಗೆ ದಿನಾ ಟೆಮೊಜೋಲೊಮೈಡ್ ಅನ್ನುವ ಕೀಮೋ ಕ್ಯಾಪ್ಸೂಲ್. ಊತಕ್ಕೆ ಡೆಕ್ಸಾಮೆಥಾಸೋನ್ ಅನ್ನುವ ಸ್ಟೆರಾಯ್ಡ್, ಫಿಟ್ಸ್ ಬರದಿರಲಿ ಅಂತ ಫೆನಿಟಾಯಿನ್.

ದೊಡ್ಡಪ್ಪನ ಮಗ ವಾಟ್ಸಾಪಿನಲ್ಲಿ ಒಂದು ಪಿಡಿಎಫ್ ಕಳಿಸಿದ್ದಾನೆ. ಬೇರೆ ಬೇರೆ ವಿಜ್ಞಾನ ಪತ್ರಿಕೆಗಳ ಪುಟಗಳನ್ನು ಒಟ್ಟು ಮಾಡಿದ್ದು. ಅರಿಶಿನದಲ್ಲಿರುವ ಕರ್ಕ್ಯುಮಿನ್, ಗ್ರೀನ್ ಟೀ ಸಾರ, ಅಶ್ವಗಂಧ, ದ್ರಾಕ್ಷಿಯ ರೆಸ್ವೆರಟ್ರಾಲ್, ಎಲ್ಲವೂ ಯು87 ಅನ್ನುವ ಮೆದುಳು ಕ್ಯಾನ್ಸರ್ ಕೋಶಗಳನ್ನು ಕೊಂದಿವೆ ಅಂತ ಅದರಲ್ಲಿದೆ. ಸುಳ್ಳು ಸುದ್ದಿಯಂತೂ ಅಲ್ಲ, ಪತ್ರಿಕೆಗಳ ಹೆಸರು ಹುಡುಕಿ ನೋಡಿದೆ. ಮನೆಯಲ್ಲಿ ಎಲ್ಲರೂ ಕಾಳುಮೆಣಸಿನ ಸಾರ ಸೇರಿಸಿದ ಅರಿಶಿನದ ಕ್ಯಾಪ್ಸೂಲ್ ತರಿಸೋಣ ಅಂತಿದ್ದಾರೆ. ಅರಿಶಿನ ತಾನೇ, ಏನಾಗುತ್ತೆ ಅನ್ನುವುದು ಅವರ ಮಾತು. ಡಾಕ್ಟರ್ ಹತ್ತಿರ ಮಾತಾಡಲು ಸಿಗುವುದು ಎರಡು ನಿಮಿಷ. ಗೊತ್ತಿರುವವರು ದಯವಿಟ್ಟು ತಿಳಿಸಿ.

ಪೆಟ್ರಿತಟ್ಟೆ, ಬೆಂಗಳೂರು

ಅಕ್ಕ, ಅಪ್ಪನ ವಿಷಯ ಓದಿ ಬೇಜಾರಾಯ್ತು. ನಾನು ಒಂದು ಲ್ಯಾಬ್‌ನಲ್ಲಿ ಕ್ಯಾನ್ಸರ್ ಕೋಶಗಳನ್ನು ಬೆಳೆಸುವ ಕೆಲಸದಲ್ಲಿದ್ದೇನೆ. ಆ ಪಿಡಿಎಫ್‌ನಲ್ಲಿರುವಂಥ ಪರೀಕ್ಷೆಗಳನ್ನೇ ಮಾಡುತ್ತೇವೆ. ನಾನು ಡಾಕ್ಟರ್ ಅಲ್ಲ. ಆದರೆ ಆ ಪುಟಗಳಲ್ಲಿ ಏನಿದೆ, ಏನಿಲ್ಲ ಅಂತ ಬಿಡಿಸಿ ಹೇಳಬಲ್ಲೆ.

ಪರೀಕ್ಷೆ ನಡೆಯುವುದು ಅಂಗೈ ಅಗಲದ ಪ್ಲಾಸ್ಟಿಕ್ ತಟ್ಟೆಯಲ್ಲಿ. ಅದರಲ್ಲಿ 96 ಸಣ್ಣ ಗುಳಿಗಳು. ಒಂದೊಂದರಲ್ಲೂ ಕೆಲವು ಸಾವಿರ ಕೋಶ ಬಿಡುತ್ತೇವೆ. ಅವುಗಳ ಆಹಾರ ಒಂದು ಗುಲಾಬಿ ಬಣ್ಣದ ದ್ರವ, ಅದಕ್ಕೆ ದನದ ಭ್ರೂಣದ ರಕ್ತದಿಂದ ತೆಗೆದ ಸೀರಮ್ ಸೇರಿರುತ್ತದೆ. 37 ಡಿಗ್ರಿ ಶಾಖದ ಪೆಟ್ಟಿಗೆಯಲ್ಲಿ ಇಡುತ್ತೇವೆ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲ. ಡಿಎಂಎಸ್‌ಒ ಅನ್ನುವ ದ್ರಾವಕದಲ್ಲಿ ಕರಗಿಸಿ, ನೇರವಾಗಿ ಕೋಶಗಳ ಮೇಲೆ ಬಿಡುತ್ತೇವೆ. ಸಾಮಾನ್ಯವಾಗಿ 24ರಿಂದ 72 ಗಂಟೆ ಬಿಟ್ಟು, ಎಂಟಿಟಿ ಅನ್ನುವ ಹಳದಿ ಬಣ್ಣ ಹಾಕುತ್ತೇವೆ. ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ. ನೇರಳೆ ಕಡಿಮೆ ಬಂದರೆ ಕೋಶ ಸತ್ತಿವೆ, ಇಲ್ಲವೇ ಬೆಳವಣಿಗೆ ನಿಂತಿದೆ ಅಂತ ಲೆಕ್ಕ. ಬಣ್ಣ ಅರ್ಧಕ್ಕೆ ಇಳಿಯಲು ಎಷ್ಟು ಪ್ರಮಾಣ ಬೇಕಾಯ್ತೋ ಅದನ್ನು ಐಸಿ50 ಅಂತ ಬರೆಯುತ್ತಾರೆ.

ನಿಮ್ಮ ಪಿಡಿಎಫ್‌ನಲ್ಲಿ ಈ ಐಸಿ50 ಎಲ್ಲಿದೆ ಅಂತ ಮೊದಲು ಹುಡುಕಿ. ಕರ್ಕ್ಯುಮಿನ್‌ಗೆ ಮೆದುಳು ಗಡ್ಡೆಯ ಕೋಶಗಳ ಮೇಲೆ ಸಾಮಾನ್ಯವಾಗಿ 10ರಿಂದ 50 ಮೈಕ್ರೋಮೋಲಾರ್ ಬೇಕಾಗುತ್ತದೆ. ದ್ರವದಲ್ಲಿ ಒಂದು ವಸ್ತು ಎಷ್ಟು ಕರಗಿದೆ ಅನ್ನುವ ಅಳತೆ ಅದು. ಈಗ ಮನುಷ್ಯರ ಲೆಕ್ಕ ನೋಡಿ. 2001ರಲ್ಲಿ ತೈವಾನಿನಲ್ಲಿ ರೋಗಿಗಳಿಗೆ ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ಕೊಟ್ಟು ರಕ್ತ ಪರೀಕ್ಷೆ ಮಾಡಿದರು. 8 ಗ್ರಾಂ ಅಂದರೆ ದೊಡ್ಡ ಮೊತ್ತ. ಅಡುಗೆ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ನೂರಕ್ಕೆ 3 ಭಾಗ ಮಾತ್ರ. ಅಷ್ಟು ತಿಂದ ಮೇಲೂ ರಕ್ತದಲ್ಲಿ ಏರಿದ ಗರಿಷ್ಠ ಮಟ್ಟ ಸರಾಸರಿ 1.77 ಮೈಕ್ರೋಮೋಲಾರ್. ಅದೂ ಕೆಲವು ಗಂಟೆಗಳಲ್ಲಿ ಇಳಿದುಹೋಯ್ತು. ತಟ್ಟೆಯಲ್ಲಿ ಕೋಶಗಳು ದಿನಗಟ್ಟಲೆ ಅದರಲ್ಲೇ ಮುಳುಗಿರುತ್ತವೆ, ಮನುಷ್ಯನ ದೇಹದಲ್ಲಿ ಹಾಗಲ್ಲ. ಕರುಳು ಮತ್ತು ಲಿವರ್ ಸೇರಿ ಕರ್ಕ್ಯುಮಿನ್‌ಗೆ ಬೇರೆ ಅಣು ಅಂಟಿಸಿ ಹೊರಗೆ ಕಳಿಸಿಬಿಡುತ್ತವೆ.

ಇದು ರಕ್ತದ ಮಾತಾಯ್ತು. ಮೆದುಳಿನ ಲೆಕ್ಕ ಇನ್ನೂ ಬಿಗಿ.

ಪೆಟ್ರಿತಟ್ಟೆ, ಬೆಂಗಳೂರು

ಮುಂದುವರಿಸುತ್ತೇನೆ, ಒಂದೇ ಸಲ ಬರೆದರೆ ಓದುವುದು ಕಷ್ಟ.

ಮೆದುಳಿನ ರಕ್ತನಾಳಗಳ ಒಳಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ. ರಕ್ತದಲ್ಲಿರುವ ಹೆಚ್ಚಿನ ವಸ್ತುಗಳನ್ನು ಅವು ಒಳಗೆ ಬಿಡುವುದಿಲ್ಲ. ಗಡ್ಡೆಯ ನಡುಭಾಗದಲ್ಲಿ ಈ ಗೋಡೆ ಸೋರುತ್ತದೆ ನಿಜ. ಸ್ಕ್ಯಾನ್‌ನಲ್ಲಿ ಗಡ್ಡೆ ಹೊಳೆಯುವುದೇ ಅದರಿಂದ. ಆದರೆ ಆ ಭಾಗವನ್ನು ಸರ್ಜನ್ ಆದಷ್ಟೂ ತೆಗೆದಿರುತ್ತಾರೆ. ಉಳಿಯುವುದು ಅಂಚಿನಿಂದ ಒಳ್ಳೆಯ ಮೆದುಳಿನೊಳಗೆ ನುಸುಳಿದ ಕೋಶಗಳು. ಗಡ್ಡೆ ಮತ್ತೆ ಬರುವುದು ಅಲ್ಲಿಂದಲೇ. ಅಲ್ಲಿ ಗೋಡೆ ಬಹುಮಟ್ಟಿಗೆ ಗಟ್ಟಿಯಾಗಿಯೇ ಇರುತ್ತದೆ.

ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಇದನ್ನು ನೇರವಾಗಿ ಅಳೆದು ನೋಡಿದ್ದಾರೆ, 2016ರಲ್ಲಿ ಪ್ರಕಟವಾಯ್ತು. 13 ಗ್ಲಯೋಬ್ಲಾಸ್ಟೋಮಾ ರೋಗಿಗಳಿಗೆ ಆಪರೇಷನ್‌ಗೆ ಮೊದಲು ನಾಲ್ಕು ದಿನ, ಚೆನ್ನಾಗಿ ಹೀರಿಕೊಳ್ಳುವ ಹಾಗೆ ತಯಾರಿಸಿದ ಕರ್ಕ್ಯುಮಿನ್ ಕೊಟ್ಟರು. ತೆಗೆದ ಗಡ್ಡೆಯ ತುಂಡಿನಲ್ಲಿ ಎಷ್ಟು ಸೇರಿದೆ ಅಂತ ನೋಡಿದರು. ಸಿಕ್ಕಿದ್ದು ಒಂದು ಮಿಲಿಗ್ರಾಂ ತುಂಡಿಗೆ ಸರಾಸರಿ 56 ಪಿಕೋಗ್ರಾಂ. ತಟ್ಟೆಯ ಲೆಕ್ಕಕ್ಕೆ ತಂದರೆ 0.2 ಮೈಕ್ರೋಮೋಲಾರ್‌ಗೂ ಕಡಿಮೆ. ತಟ್ಟೆಯಲ್ಲಿ ಬೇಕಿದ್ದದ್ದು 10ರಿಂದ 50. ನನ್ನ ಮಟ್ಟಿಗೆ ಇಡೀ ಪಿಡಿಎಫ್‌ಗಿಂತ ಈ ಒಂದು ಅಳತೆ ದೊಡ್ಡದು, ಯಾಕಂದರೆ ಇದು ಮನುಷ್ಯನ ತಲೆಯೊಳಗಿನ ಗಡ್ಡೆಯದ್ದು.

ಇನ್ನು ಯು87. ಇದು 1960ರ ದಶಕದಲ್ಲಿ ಸ್ವೀಡನ್ನಿನ ಉಪ್ಸಲಾದಲ್ಲಿ ಒಬ್ಬ ರೋಗಿಯ ಗಡ್ಡೆಯಿಂದ ಬೆಳೆಸಿದ ಕೋಶ. ಪ್ರಪಂಚದ ಲ್ಯಾಬ್‌ಗಳೆಲ್ಲ ಬಳಸುವುದು ಇದನ್ನೇ. ನಮ್ಮ ದೇಶದಲ್ಲಿ ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ಇಂಥ ಕೋಶಗಳನ್ನು ತರಿಸಿಕೊಳ್ಳುತ್ತಾರೆ. 2016ರಲ್ಲಿ ಉಪ್ಸಲಾದವರೇ ಡಿಎನ್‌ಎ ಹೋಲಿಸಿ ನೋಡಿದಾಗ, ಎಲ್ಲರೂ ಬಳಸುತ್ತಿರುವ ಯು87 ಆ ಮೂಲ ರೋಗಿಯ ಗಡ್ಡೆಯದ್ದಲ್ಲ ಅಂತ ಗೊತ್ತಾಯ್ತು. ಬಹುಶಃ ಬೇರೆ ಯಾರದ್ದೋ ಗ್ಲಯೋಬ್ಲಾಸ್ಟೋಮಾ. ಅದಕ್ಕಿಂತ ಮುಖ್ಯ ವಿಷಯ, ಐವತ್ತು ವರ್ಷ ಪ್ಲಾಸ್ಟಿಕ್ ಮೇಲೆ ಬೆಳೆದ ಕೋಶ ಪ್ಲಾಸ್ಟಿಕ್‌ಗೆ ಒಗ್ಗಿಹೋಗಿರುತ್ತದೆ. ನಿಮ್ಮ ಅಪ್ಪನ ತಲೆಯಲ್ಲಿರುವ ಕೋಶಗಳ ಜೊತೆ ರಕ್ತನಾಳ, ರೋಗನಿರೋಧಕ ಕೋಶ, ನರಕೋಶ ಎಲ್ಲ ಇವೆ. ಒಂದೇ ಗಡ್ಡೆಯಲ್ಲಿ ನಾಲ್ಕಾರು ಥರದ ಕೋಶಗಳೂ ಇರುತ್ತವೆ. ತಟ್ಟೆಯಲ್ಲಿ ಇರುವುದು ಒಂದೇ ಜಾತಿ.

ಮಲೆನಾಡ ಹಿರಿಯ, ತೀರ್ಥಹಳ್ಳಿ

ಮಗಳೇ, ಧೈರ್ಯವಾಗಿರು. ಪೆಟ್ರಿತಟ್ಟೆಯವರು ಬರೆದದ್ದು ಓದಿದೆ, ತಿಳಿದು ಬರೆದಿದ್ದಾರೆ. ಆದರೂ ಒಂದು ಮಾತು ಹೇಳಬೇಕು. ಗಿಡಮೂಲಿಕೆಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬಾರದು. ನಮ್ಮ ಅಂಗಳದಲ್ಲಿ ಬೆಳೆಯುವ ನಿತ್ಯಪುಷ್ಪದಿಂದ ತಾನೇ ವಿನ್‌ಕ್ರಿಸ್ಟಿನ್ ಬಂದದ್ದು? ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಇವತ್ತಿಗೂ ಅದನ್ನೇ ಕೊಡುತ್ತಾರೆ. ನಮ್ಮ ಘಟ್ಟದ ದುರ್ವಾಸನೆ ಮರದಲ್ಲೂ ಕ್ಯಾನ್ಸರ್ ಔಷಧಿ ಇದೆ ಅಂತ ಅದರ ಚಕ್ಕೆಯನ್ನು ಲಾರಿಗಟ್ಟಲೆ ಸಾಗಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅರಿಶಿನವನ್ನು ನಮ್ಮ ಹಿರಿಯರು ಸುಮ್ನೆ ಬಳಸಿದವರಲ್ಲ. ತಟ್ಟೆಯಲ್ಲಿ ಕೆಲಸ ಮಾಡಿದ್ದು ದೇಹದಲ್ಲಿ ಸ್ವಲ್ಪವಾದರೂ ಮಾಡಲಾರದೆ?

ಪೆಟ್ರಿತಟ್ಟೆ, ಬೆಂಗಳೂರು

ಹಿರಿಯರೇ, ನೀವು ಹೇಳಿದ ಎರಡೂ ಉದಾಹರಣೆ ಸರಿ. ಮೆದುಳಿನ ಕೆಲವು ಗಡ್ಡೆಗಳಿಗೂ ವಿನ್‌ಕ್ರಿಸ್ಟಿನ್ ಕೊಡುತ್ತಾರೆ. ದುರ್ವಾಸನೆ ಮರದ ಕ್ಯಾಂಪ್ಟೊಥೆಸಿನ್ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ಅದನ್ನು ಮೊದಲು ಬೇರ್ಪಡಿಸಿದ್ದು ಚೀನಾ ಮೂಲದ ಬೇರೊಂದು ಮರದಿಂದ, ಅಮೆರಿಕದಲ್ಲಿ, 1966ರಲ್ಲಿ. ಅದೂ ಕೋಶಗಳನ್ನು ಚೆನ್ನಾಗಿ ಕೊಲ್ಲುತ್ತಿತ್ತು. 1970ರ ಸುಮಾರಿಗೆ ರೋಗಿಗಳಿಗೆ ಕೊಟ್ಟು ನೋಡಿದಾಗ ಮೂತ್ರಕೋಶದಲ್ಲಿ ರಕ್ತಸ್ರಾವ, ವಿಪರೀತ ಭೇದಿ. ನಿಲ್ಲಿಸಬೇಕಾಯ್ತು. ಆಮೇಲೆ ಅದು ಕೋಶದಲ್ಲಿ ಯಾವ ಕಿಣ್ವವನ್ನು ಹಿಡಿಯುತ್ತದೆ ಅಂತ ಪತ್ತೆಯಾಯ್ತು, ಅಣುವನ್ನು ಬದಲಾಯಿಸಿದರು. ಟೊಪೊಟೆಕಾನ್, ಇರಿನೊಟೆಕಾನ್ ಆಗಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಮೂವತ್ತು ವರ್ಷ ಹಿಡಿಯಿತು. ಮರದ ಚಕ್ಕೆಯ ಕಷಾಯ ಕುಡಿದು ಯಾರಿಗೂ ವಾಸಿಯಾಗಲಿಲ್ಲ. ಅಳೆದು, ತೂಗಿ, ಬದಲಾಯಿಸಿದ ಅಣುವಿನಿಂದ ಆಯ್ತು.

ಅರಿಶಿನಕ್ಕೂ ಈ ಅವಕಾಶ ಸಿಗಲಿಲ್ಲ ಅಂತಲ್ಲ. ಅದರ ಮೇಲೆ ನಡೆದಷ್ಟು ಪ್ರಯೋಗ ಬೇರೆ ಸಂಬಾರ ಪದಾರ್ಥಗಳ ಮೇಲೆ ನಡೆದಿರಲಿಕ್ಕಿಲ್ಲ. 2017ರಲ್ಲಿ ಅಮೆರಿಕದ ಔಷಧ ರಸಾಯನ ಶಾಸ್ತ್ರದ ತಜ್ಞರು ಎಲ್ಲವನ್ನೂ ಒಟ್ಟುಹಾಕಿ ನೋಡಿದರು. ಮನುಷ್ಯರ ಮೇಲೆ 120ಕ್ಕೂ ಹೆಚ್ಚು ಪ್ರಯೋಗ ನಡೆದಿದ್ದರೂ, ರೋಗಿಗೂ ಡಾಕ್ಟರಿಗೂ ಯಾವ ಮಾತ್ರೆ ಅಂತ ಗೊತ್ತಿಲ್ಲದಂತೆ ನಡೆಸಿದ ಒಂದೇ ಒಂದು ಪ್ರಯೋಗವೂ ಗೆದ್ದಿಲ್ಲ ಅಂತ ಅವರು ಬರೆದರು. ಕರ್ಕ್ಯುಮಿನ್ ಬೇಗ ಒಡೆದುಹೋಗುತ್ತದೆ. ತಾನೇ ಹೊಳೆಯುವುದರಿಂದ ಬೆಳಕು ಅಳೆಯುವ ಪರೀಕ್ಷೆಗಳನ್ನು ದಾರಿ ತಪ್ಪಿಸುತ್ತದೆ ಅಂತಲೂ ಎಚ್ಚರಿಸಿದರು.

ಈ ದಾರಿ ತಪ್ಪಿಸುವ ಗುಣ ಬರೀ ಅರಿಶಿನದ್ದಲ್ಲ. ಗ್ರೀನ್ ಟೀ ಸಾರ, ಈರುಳ್ಳಿಯಲ್ಲಿರುವ ಕ್ವೆರ್ಸೆಟಿನ್ ಇವುಗಳನ್ನು ಆ ಗುಲಾಬಿ ದ್ರವಕ್ಕೆ ಹಾಕಿದ ಕೂಡಲೇ ದ್ರವದೊಳಗೇ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಗಾಯ ತೊಳೆಯಲು ಬಳಸುತ್ತಾರಲ್ಲ, ಅದೇ. ಇದನ್ನು 2000ದಲ್ಲೇ ತೋರಿಸಿದ್ದಾರೆ. ಕೋಶ ಸತ್ತದ್ದು ಪೆರಾಕ್ಸೈಡ್‌ನಿಂದ, ಹೆಸರು ಬಂದದ್ದು ಚಹಾಕ್ಕೆ. ಪೆರಾಕ್ಸೈಡ್ ಒಡೆಯುವ ಕೆಟಲೇಸ್ ಅನ್ನುವ ಕಿಣ್ವ ಹಾಕಿ ಮತ್ತೆ ಪರೀಕ್ಷಿಸಿದರೆ ಎಷ್ಟೋ ಸಲ ಆ ಪರಿಣಾಮ ಮಾಯವಾಗುತ್ತದೆ. ಪಿಡಿಎಫ್‌ನಲ್ಲಿ ಯಾರಾದರೂ ಹಾಗೆ ಮಾಡಿದ್ದಾರಾ, ಮೆದುಳಿನ ಒಳ್ಳೆಯ ಕೋಶಗಳ ಮೇಲೂ ಅದೇ ಪ್ರಮಾಣ ಹಾಕಿ ನೋಡಿದ್ದಾರಾ ಅಂತ ಹುಡುಕಿ ನೋಡಿ ಅಕ್ಕ. ಒಳ್ಳೆಯ ಕೋಶವೂ ಅಷ್ಟೇ ಸಾಯುವುದಾದರೆ ಅದು ಔಷಧಿ ಅಲ್ಲ, ಬರೀ ವಿಷ.

ಔಷಧಿ ಕೌಂಟರ್, ಮೈಸೂರು

ನಾನು ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ತುಂಗಾತೀರ ಅವರೇ, ನಿಮ್ಮ ಪೋಸ್ಟ್‌ನಲ್ಲಿ ಒಂದು ವಿಷಯ ನೋಡಿ ತಕ್ಷಣ ಬರೆಯಬೇಕು ಅನ್ನಿಸಿತು. ಅಪ್ಪ ಫೆನಿಟಾಯಿನ್ ತಗೊಳ್ಳುತ್ತಿದ್ದಾರೆ. ಮನೆಯವರು ತರಿಸಬೇಕೆಂದಿರುವ ಕ್ಯಾಪ್ಸೂಲ್‌ನಲ್ಲಿ ಕಾಳುಮೆಣಸಿನ ಸಾರ ಇದೆ, ಅಂದರೆ ಪೈಪರಿನ್. ಇವೆರಡನ್ನೂ ಸೇರಿಸಬೇಡಿ.

ಪೈಪರಿನ್ ಯಾಕೆ ಸೇರಿಸುತ್ತಾರೆ ಅಂತ ಮೊದಲು ಹೇಳುತ್ತೇನೆ. ಈ ಪ್ರಯೋಗ ನಡೆದದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ, ಪ್ರಕಟವಾದದ್ದು 1998ರಲ್ಲಿ. ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಮಾತ್ರ ಕೊಟ್ಟಾಗ ರಕ್ತದಲ್ಲಿ ಅದು ಸಿಕ್ಕಿದ್ದೇ ಕಷ್ಟ. 20 ಮಿಲಿಗ್ರಾಂ ಪೈಪರಿನ್ ಸೇರಿಸಿದಾಗ 2000 ಪರ್ಸೆಂಟ್ ಹೆಚ್ಚಾಯ್ತು. ಈಗ ಎಲ್ಲ ಡಬ್ಬಿಗಳ ಮೇಲೂ ಇರುವುದು ಆ ಸಂಖ್ಯೆ. ಹೆಚ್ಚು ಕಡಿಮೆ ಸೊನ್ನೆಯಿಂದ ಏರಿದ 2000 ಪರ್ಸೆಂಟ್ ಅದು. ಅದೂ ಮಾತ್ರೆ ನುಂಗಿದ ಮೊದಲ ಒಂದು ಗಂಟೆಯ ಆಸುಪಾಸಿನಲ್ಲಿ. ತಟ್ಟೆಯಲ್ಲಿ ಬೇಕಾಗುವ ಮಟ್ಟಕ್ಕೆ ಆಗಲೂ ಮುಟ್ಟುವುದಿಲ್ಲ.

ಹೆಚ್ಚಾಗುವುದು ಹೇಗೆ? ಹೊರಗಿನ ವಸ್ತುಗಳನ್ನು ಒಡೆದು ಹಾಕುವ ಲಿವರ್ ಮತ್ತು ಕರುಳಿನ ಕಿಣ್ವಗಳನ್ನು ಪೈಪರಿನ್ ತಡೆಯುತ್ತದೆ. ಅದಕ್ಕೆ ಕರ್ಕ್ಯುಮಿನ್ ಯಾವುದು, ಫಿಟ್ಸ್ ಮಾತ್ರೆ ಯಾವುದು ಅಂತ ಗೊತ್ತಿಲ್ಲ. ಪೈಪರಿನ್ ಜೊತೆ ಫೆನಿಟಾಯಿನ್ ಮಟ್ಟ ರಕ್ತದಲ್ಲಿ ಏರುತ್ತದೆ ಅಂತ ನಮ್ಮ ದೇಶದ ಪ್ರಯೋಗಗಳಲ್ಲೇ ಕಂಡಿದೆ. ಫೆನಿಟಾಯಿನ್‌ನಲ್ಲಿ ಸರಿಯಾದ ಪ್ರಮಾಣಕ್ಕೂ ಜಾಸ್ತಿ ಪ್ರಮಾಣಕ್ಕೂ ಅಂತರ ತುಂಬಾ ಕಡಿಮೆ. ಜಾಸ್ತಿಯಾದರೆ ನಡಿಗೆ ತೂರಾಡುತ್ತದೆ, ಕಣ್ಣು ಓಡಾಡುತ್ತದೆ, ಮಾತು ತೊದಲುತ್ತದೆ. ಮನೆಯವರು ಗಡ್ಡೆ ಮತ್ತೆ ಬಂತು ಅಂತ ಹೆದರಿ ಸ್ಕ್ಯಾನ್‌ಗೆ ಓಡುತ್ತಾರೆ.

ಎರಡನೆಯದು ಲಿವರ್. ಟೆಮೊಜೋಲೊಮೈಡ್ ಪೊಟ್ಟಣದೊಳಗಿನ ಚೀಟಿಯಲ್ಲೇ ಲಿವರ್‌ಗೆ ತೊಂದರೆ ಆಗಬಹುದು ಅನ್ನುವ ಎಚ್ಚರಿಕೆ ಇದೆ. ಅರಿಶಿನದ ಕ್ಯಾಪ್ಸೂಲ್‌ನಿಂದ ಲಿವರ್ ಕೆಟ್ಟ 10 ಜನರ ವಿವರ ಅಮೆರಿಕದಲ್ಲಿ 2022ರಲ್ಲಿ ಪ್ರಕಟವಾಗಿದೆ, ಅವರಲ್ಲಿ ಒಬ್ಬರು ತೀರಿಕೊಂಡರು. ಅದರಲ್ಲಿ ಹೆಚ್ಚಿನವರಿಗೆ ಒಂದು ಜೀನ್ ಸಮಾನವಾಗಿತ್ತು, ಹಾಗಾಗಿ ಎಲ್ಲರಿಗೂ ಆಗುತ್ತದೆ ಅಂತಲ್ಲ. ಆದರೆ ನಿಮ್ಮ ಅಪ್ಪನಿಗೆ ಆ ಜೀನ್ ಇದೆಯೋ ಇಲ್ಲವೋ ಯಾರಿಗೆ ಗೊತ್ತು? ಅಮೃತಬಳ್ಳಿ, ಅಶ್ವಗಂಧದಿಂದಲೂ ಲಿವರ್ ಉರಿಯೂತ ಬಂದ ರೋಗಿಗಳ ವರದಿ ಭಾರತದಿಂದಲೇ ಬಂದಿವೆ.

ಮೂರನೆಯದು ಪ್ಲೇಟ್‌ಲೆಟ್. ಟೆಮೊಜೋಲೊಮೈಡ್ ಅದನ್ನು ಇಳಿಸುತ್ತದೆ. ಅದಕ್ಕೇ ವಾರವಾರ ರಕ್ತ ಪರೀಕ್ಷೆ. ಮೀನೆಣ್ಣೆ, ಬೆಳ್ಳುಳ್ಳಿ ಸಾರ, ಗಿಂಕೊ, ಇವೆಲ್ಲ ರಕ್ತ ಹೆಪ್ಪುಗಟ್ಟುವುದನ್ನು ಸ್ವಲ್ಪ ಸ್ವಲ್ಪ ತಡೆಯುತ್ತವೆ. ಆಪರೇಷನ್ ಆದ ತಲೆಗೆ ಆ ಗೊಡವೆ ಯಾಕೆ?

ಯಾವುದಾದರೂ ಡಬ್ಬಿಯ ಮೇಲೆ ಕ್ಯಾನ್ಸರ್ ಗುಣವಾಗುತ್ತದೆ ಅಂತ ಬರೆದಿದ್ದರೆ ಆ ಡಬ್ಬಿಯನ್ನು ಮುಟ್ಟಲೇಬೇಡಿ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ ಕಾಯ್ದೆಯ ಪ್ರಕಾರ ಹಾಗೆ ಜಾಹೀರಾತು ಕೊಡುವುದೇ ಅಪರಾಧ. ಆ ಕಾಯ್ದೆಯ ಪಟ್ಟಿಯಲ್ಲಿ ಕ್ಯಾನ್ಸರ್ ಹೆಸರು ನೇರವಾಗಿಯೇ ಇದೆ.

ಕೋಟೆ ಬೀದಿ, ಚಿತ್ರದುರ್ಗ

ನನ್ನ ಹೆಂಡತಿಗೂ ಇದೇ ಕಾಯಿಲೆ ಇತ್ತು. ಫಾರ್ಮಸಿಸ್ಟ್ ಮೇಡಂ ಲಿವರ್ ವಿಷಯ ಬರೆದದ್ದಕ್ಕೆ ನಾನೂ ಬರೆಯುತ್ತಿದ್ದೇನೆ.

ಬಂಧುಗಳು ಪ್ರೀತಿಯಿಂದ ಒಬ್ಬೊಬ್ಬರೂ ಒಂದೊಂದು ತಂದುಕೊಟ್ಟರು. ಅಣಬೆಯ ಪುಡಿ, ಅರಿಶಿನದ ಮಾತ್ರೆ, ಯಾವುದೋ ಹಸಿರು ರಸ. ರೇಡಿಯೇಷನ್ ಮುಗಿದ ಮೇಲೆ ಟೆಮೊಜೋಲೊಮೈಡ್ ತಿಂಗಳಿಗೆ ಐದು ದಿನ ಶುರುವಾಯ್ತು. ಆಗ ಲಿವರ್ ಪರೀಕ್ಷೆಯ ಸಂಖ್ಯೆಗಳು ಏರಿದವು. ಕೀಮೋದಿಂದಲೋ, ಫಿಟ್ಸ್ ಮಾತ್ರೆಯಿಂದಲೋ, ಡಬ್ಬಿಗಳಿಂದಲೋ ಡಾಕ್ಟರಿಗೆ ಬೇರ್ಪಡಿಸಿ ಹೇಳಲು ಆಗಲಿಲ್ಲ. ಎಲ್ಲವನ್ನೂ ನಿಲ್ಲಿಸಬೇಕಾಯ್ತು, ಕೀಮೋ ಸಹ. ಸಂಖ್ಯೆಗಳು ಇಳಿಯುವವರೆಗೆ ಕಾಯಬೇಕಾಯ್ತು. ಈ ಕಾಯಿಲೆಯಲ್ಲಿ ಕಾಯುವ ಒಂದೊಂದು ವಾರ ಎಷ್ಟು ಭಾರ ಅಂತ ಅನುಭವಿಸಿದವರಿಗೇ ಗೊತ್ತು.

ನನ್ನ ಕಡೆಯಿಂದ ಒಂದೇ ಸಲಹೆ ಅಮ್ಮಾ. ಬರುವ ಡಬ್ಬಿಗಳ ಫೋಟೋ ತೆಗೆದಿಟ್ಟುಕೊಳ್ಳಿ, ಹಿಂದಿನ ಲೇಬಲ್ ಕಾಣುವ ಹಾಗೆ. ಎರಡು ನಿಮಿಷ ಸಿಕ್ಕಾಗ ಡಾಕ್ಟರ್ ಮುಂದೆ ಫೋನ್ ಹಿಡಿಯಿರಿ. ಮಾತಿಗಿಂತ ಬೇಗ ಆಗುತ್ತದೆ. ತಂದುಕೊಟ್ಟವರ ಮನಸ್ಸು ನೋಯಿಸಬೇಕಾಗಿಲ್ಲ. ಕೀಮೋ ಮುಗಿಯುವವರೆಗೆ ಡಾಕ್ಟರ್ ಬೇಡ ಅಂದಿದ್ದಾರೆ ಅಂತ ಹೇಳಿದರೆ ಯಾರೂ ಬೇಸರಪಡುವುದಿಲ್ಲ.

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ಕೈ ಮುಗಿಯುತ್ತೇನೆ. ಫೆನಿಟಾಯಿನ್ ವಿಷಯ ನಮಗೆ ಯಾರಿಗೂ ಗೊತ್ತಿರಲಿಲ್ಲ. ಕ್ಯಾಪ್ಸೂಲ್ ಆರ್ಡರ್ ಮಾಡುವುದು ಬೇಡ ಅಂತ ಅಣ್ಣನಿಗೆ ಹೇಳಿದೆ, ಅವನೂ ಇಲ್ಲಿನ ಉತ್ತರಗಳನ್ನು ಓದಿ ಒಪ್ಪಿದ. ಪಿಡಿಎಫ್‌ನಲ್ಲಿ ಐಸಿ50 ಹುಡುಕಿದೆ. ಒಂದು ಲೇಖನದಲ್ಲಿ 25 ಮೈಕ್ರೋಮೋಲಾರ್, ಇನ್ನೊಂದರಲ್ಲಿ ಅದಕ್ಕಿಂತ ಜಾಸ್ತಿ. ಕೆಟಲೇಸ್ ಹೆಸರು ಎಲ್ಲೂ ಇಲ್ಲ.

ಅಮ್ಮನದ್ದು ಒಂದು ಪ್ರಶ್ನೆ. ಸಾರಿಗೆ ಹಾಕುವ ಅರಿಶಿನ, ಮೆಣಸಿನ ಸಾರು, ರಾತ್ರಿ ಅರಿಶಿನದ ಹಾಲು, ಇವನ್ನೂ ಬಿಡಬೇಕಾ? ಅಪ್ಪನಿಗೆ ಊಟವೇ ಸೇರುತ್ತಿಲ್ಲ. ಮೆಣಸಿನ ಸಾರು ಅಂದರೆ ಮಾತ್ರ ಎರಡು ತುತ್ತು ಜಾಸ್ತಿ ಉಣ್ಣುತ್ತಾರೆ.

ಔಷಧಿ ಕೌಂಟರ್, ಮೈಸೂರು

ಅಡುಗೆಯ ಅರಿಶಿನ ಬಿಡಬೇಕಾಗಿಲ್ಲ, ಮನೆಯ ಊಟದ ಪ್ರಮಾಣಕ್ಕೆ ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ. ಮೆಣಸಿನ ಸಾರು ಹದವಾಗಿ ಮಾಡಿ. ಮೆಣಸಿನ ಕಷಾಯವನ್ನು ಲೋಟಗಟ್ಟಲೆ ಕುಡಿಸುವುದು ಬೇಡ. ಫೆನಿಟಾಯಿನ್ ಮಟ್ಟವನ್ನು ರಕ್ತದಲ್ಲಿ ಅಳೆಯಬಹುದು, ಮುಂದಿನ ಭೇಟಿಯಲ್ಲಿ ಕೇಳಿ. ಟೆಮೊಜೋಲೊಮೈಡ್ ಅನ್ನು ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ವಾಂತಿ ಕಡಿಮೆ, ಅದರ ಹಿಂದೆ ಮುಂದೆ ಹಾಲು, ಊಟ ಕೊಡಬೇಡಿ. ಕ್ಯಾಪ್ಸೂಲ್ ಬಿಚ್ಚಿ ಪುಡಿ ಮಾಡಿ ಕೊಡುವ ಹಾಗಿಲ್ಲ. ಅವರು ಉಣ್ಣುವ ಆ ಎರಡು ತುತ್ತು ಯಾವ ಸಪ್ಲಿಮೆಂಟ್‌ಗಿಂತಲೂ ಮುಖ್ಯ.

ಬ್ಲಾಕ್ ಫಾರೆಸ್ಟ್ ಕನ್ನಡತಿ, ಫ್ರೈಬುರ್ಗ್

ಜರ್ಮನಿಯಿಂದ ಬರೆಯುತ್ತಿದ್ದೇನೆ. ಇಲ್ಲಿ ಮೆದುಳು ಗಡ್ಡೆಯ ರೋಗಿಗಳ ಮನೆಯವರು ಮೊದಲು ಕೇಳುವುದು ಶಲ್ಲಕಿಯ ಬಗ್ಗೆ, ಅಂದರೆ ನಮ್ಮ ದೇಶದ ಧೂಪದ ಮರದ ಅಂಟು. ಅದಕ್ಕೆ ಕಾರಣವಿದೆ. ನಮ್ಮ ಊರಿನ ಈ ಫ್ರೈಬುರ್ಗ್‌ನಲ್ಲೇ ಅದರ ಪ್ರಯೋಗ ನಡೆದು 2011ರಲ್ಲಿ ಪ್ರಕಟವಾಯ್ತು. ರೇಡಿಯೇಷನ್ ತಗೊಳ್ಳುತ್ತಿದ್ದ 44 ರೋಗಿಗಳು. ಅರ್ಧ ಜನಕ್ಕೆ ದಿನಕ್ಕೆ 4200 ಮಿಲಿಗ್ರಾಂ ಶಲ್ಲಕಿ, ಉಳಿದವರಿಗೆ ಅದೇ ರೀತಿ ಕಾಣುವ ಖಾಲಿ ಮಾತ್ರೆ. ಮೆದುಳಿನ ಊತ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಇಳಿದವರು ಶಲ್ಲಕಿ ಗುಂಪಿನಲ್ಲಿ ನೂರಕ್ಕೆ 60, ಇನ್ನೊಂದು ಗುಂಪಿನಲ್ಲಿ 26.

ಇದನ್ನು ಬರೆಯಲು ಕಾರಣ, ಸಪ್ಲಿಮೆಂಟ್ ಅಂದರೆ ಎಲ್ಲವೂ ತಟ್ಟೆಯಲ್ಲೇ ನಿಂತಿಲ್ಲ. ಒಂದಷ್ಟನ್ನು ಮನುಷ್ಯರ ಮೇಲೆ ಸರಿಯಾಗಿ ಪರೀಕ್ಷಿಸಿದ್ದಾರೆ. ಇಲ್ಲಿ ಇಳಿದದ್ದು ಊತ. ಗಡ್ಡೆ ವಾಸಿಯಾಯ್ತು ಅಂತ ಆ ವರದಿ ಹೇಳುವುದಿಲ್ಲ. 44 ಜನ ಅಂದರೆ ಚಿಕ್ಕ ಪ್ರಯೋಗವೂ ಹೌದು. ಕೆಲವರಿಗೆ ಭೇದಿಯಾಗಿತ್ತು. ಹಾಗಿದ್ದರೂ, ಡಾಕ್ಟರ್ ಮುಂದೆ ಇಟ್ಟು ಕೇಳಲು ಇದೊಂದು ಯೋಗ್ಯವಾದ ಪ್ರಶ್ನೆ ಅಂತ ನನ್ನ ಅಭಿಪ್ರಾಯ. ಸ್ಟೆರಾಯ್ಡ್ ಕಡಿಮೆ ಮಾಡಲು ಆಗುತ್ತಾ ಅನ್ನುವುದು ಪ್ರತಿಯೊಬ್ಬ ರೋಗಿಯ ಮನೆಯಲ್ಲೂ ಇರುವ ಚಿಂತೆ ಅಲ್ವಾ. ನೀವಾಗಿಯೇ ಸ್ಟೆರಾಯ್ಡ್ ಇಳಿಸುವುದು ಮಾತ್ರ ಅಪಾಯ.

ಬಿಎಸ್ಸಿ ಬೆಂಚು, ದಾವಣಗೆರೆ

ನಾನು ಜೈವಿಕ ತಂತ್ರಜ್ಞಾನ ಓದುತ್ತಿದ್ದೇನೆ. ಪೆಟ್ರಿತಟ್ಟೆ ಸರ್, ತಟ್ಟೆಯ ಫಲಿತಾಂಶ ಇಷ್ಟು ದುರ್ಬಲ ಅಂದರೆ ಆ ಪರೀಕ್ಷೆ ಮಾಡುವುದಾದರೂ ಯಾಕೆ?

ಪೆಟ್ರಿತಟ್ಟೆ, ಬೆಂಗಳೂರು

ದುರ್ಬಲ ಅಂತ ನಾನು ಹೇಳಲಿಲ್ಲ ತಮ್ಮಾ, ಅದು ಮೊದಲ ಮೆಟ್ಟಿಲು ಅಷ್ಟೇ. ಈಗ ಅಕ್ಕನ ಅಪ್ಪ ನುಂಗುತ್ತಿರುವ ಟೆಮೊಜೋಲೊಮೈಡ್ ಕೂಡ ಇದೇ ದಾರಿಯಲ್ಲಿ ಬಂದದ್ದು. 1980ರ ದಶಕದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಆಸ್ಟನ್ ವಿಶ್ವವಿದ್ಯಾಲಯದಲ್ಲಿ ತಯಾರಾಯ್ತು. ಕೋಶ, ಇಲಿ, ಆಮೇಲೆ ಮನುಷ್ಯರು. 2005ರಲ್ಲಿ 573 ರೋಗಿಗಳ ಪ್ರಯೋಗದ ಫಲಿತಾಂಶ ಬಂತು. ರೇಡಿಯೇಷನ್ ಮಾತ್ರ ತಗೊಂಡವರಲ್ಲಿ ಎರಡು ವರ್ಷ ಬದುಕಿದವರು ನೂರಕ್ಕೆ ಸುಮಾರು 10, ಜೊತೆಗೆ ಟೆಮೊಜೋಲೊಮೈಡ್ ತಗೊಂಡವರಲ್ಲಿ 26. ಅದು ಸಾಲದು, ನನಗೂ ಗೊತ್ತು. ಆದರೆ ಆ ಸಂಖ್ಯೆ ಮನುಷ್ಯರನ್ನು ಎಣಿಸಿ ಬಂದದ್ದು. ಈ ಚಿಕಿತ್ಸೆಗೆ ಅಡ್ಡ ಬರುವ ಯಾವುದನ್ನೂ ಸೇರಿಸಬೇಡಿ ಅಂತ ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಮೇಲೇರದೆ ಬಿದ್ದದ್ದಕ್ಕೂ ಉದಾಹರಣೆ ಕೊಡುತ್ತೇನೆ. ಡೈಸಲ್ಫಿರಾಮ್, ಕುಡಿತ ಬಿಡಿಸಲು ಕೊಡುವ ಹಳೆಯ ಮಾತ್ರೆ. ಅದರ ಜೊತೆ ತಾಮ್ರದ ಸಪ್ಲಿಮೆಂಟ್ ಸೇರಿಸಿದರೆ ತಟ್ಟೆಯಲ್ಲಿ ಗ್ಲಯೋಬ್ಲಾಸ್ಟೋಮಾ ಕೋಶಗಳು ಅದ್ಭುತವಾಗಿ ಸಾಯುತ್ತಿದ್ದವು. ಇಲಿಗಳಲ್ಲೂ ಚೆನ್ನಾಗಿತ್ತು. ಸ್ವೀಡನ್ ಮತ್ತು ನಾರ್ವೆಯಲ್ಲಿ, ಗಡ್ಡೆ ಮರುಕಳಿಸಿದ 88 ರೋಗಿಗಳಲ್ಲಿ ಅರ್ಧ ಜನರಿಗೆ ಕೀಮೋ ಜೊತೆ ಕೊಟ್ಟು ನೋಡಿದರು. 2023ರಲ್ಲಿ ಫಲಿತಾಂಶ ಬಂತು. ಆರು ತಿಂಗಳಿಗೆ ಬದುಕಿದ್ದವರ ಪ್ರಮಾಣ ಎರಡೂ ಗುಂಪಿನಲ್ಲಿ ಹೆಚ್ಚು ಕಡಿಮೆ ಒಂದೇ. ಅಡ್ಡ ಪರಿಣಾಮ ಮಾತ್ರ ಡೈಸಲ್ಫಿರಾಮ್ ಕೊಟ್ಟವರಲ್ಲಿ ಜಾಸ್ತಿ.

ತಟ್ಟೆಯೇ ನಮ್ಮನ್ನು ಕಾಪಾಡಿದ ಸಂದರ್ಭವೂ ಇದೆ. ಬೊರ್ಟೆಜೊಮಿಬ್ ಅನ್ನುವ ಕ್ಯಾನ್ಸರ್ ಔಷಧಿಗೆ ಗ್ರೀನ್ ಟೀ ಸಾರ ಬಲ ಕೊಡಬಹುದು ಅಂತ ಲಾಸ್ ಏಂಜಲೀಸ್‌ನ ಸಂಶೋಧಕರು ಪರೀಕ್ಷಿಸಿದರು, 2009ರಲ್ಲಿ ಪ್ರಕಟವಾಯ್ತು. ಮಜ್ಜೆಯ ಕ್ಯಾನ್ಸರ್ ಕೋಶ, ಗ್ಲಯೋಬ್ಲಾಸ್ಟೋಮಾ ಕೋಶ, ಎರಡರಲ್ಲೂ ಫಲಿತಾಂಶ ತಿರುಗುಮುರುಗಾಯ್ತು. ಚಹಾದ ಅಣು ಔಷಧಿಯನ್ನೇ ಹಿಡಿದು ಕಟ್ಟಿಹಾಕಿತ್ತು. ಕೋಶಗಳು ಆರಾಮಾಗಿ ಬದುಕಿದವು. ಇಲಿಗಳಲ್ಲೂ ಹಾಗೇ ಆಯ್ತು. ಒಂದು ಸಪ್ಲಿಮೆಂಟ್ ಕೆಲಸ ಮಾಡದೆ ಸುಮ್ನೆ ಇರಬಹುದು ಅಂತ ನಾವು ಅಂದುಕೊಳ್ಳುತ್ತೇವೆ. ಔಷಧಿಯನ್ನೇ ಕೆಡಿಸಬಹುದು ಅನ್ನುವುದು ತಲೆಗೆ ಹೊಳೆಯುವುದಿಲ್ಲ.

ಈಗ ಕೆಲವು ಕಡೆ ರೋಗಿಯ ಗಡ್ಡೆಯ ತುಂಡನ್ನೇ ಉಂಡೆಯಾಗಿ ಬೆಳೆಸಿ, ಅದರ ಮೇಲೆ ಪರೀಕ್ಷಿಸುವ ವಿಧಾನ ಬಂದಿದೆ. ಆರ್ಗನಾಯ್ಡ್ ಅನ್ನುತ್ತಾರೆ. ಯು87ಗಿಂತ ಇದು ಎಷ್ಟೋ ವಾಸಿ. ನಮ್ಮಲ್ಲೂ ನಿಮ್ಹಾನ್ಸ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ರೋಗಿಗಳ ಗಡ್ಡೆಗಳ ಮೇಲೆ ವರ್ಷಗಳಿಂದ ಸಂಶೋಧನೆ ನಡೆಸಿಕೊಂಡು ಬಂದಿವೆ. ಓದು ಮುಗಿದ ಮೇಲೆ ಈ ಕಡೆ ಬಾ ತಮ್ಮಾ, ಮಾಡಲು ಬೇಕಾದಷ್ಟು ಕೆಲಸ ಇದೆ.

ಮಲೆನಾಡ ಹಿರಿಯ, ತೀರ್ಥಹಳ್ಳಿ

ದುರ್ವಾಸನೆ ಮರದ ಕಥೆ ಪೂರ್ತಿ ಗೊತ್ತಿರಲಿಲ್ಲ, ಸಂತೋಷವಾಯ್ತು. ನನ್ನ ನಂಬಿಕೆ ಗಿಡಗಳ ಮೇಲೆ ಇದ್ದೇ ಇರುತ್ತದೆ. ಆದರೆ ಕೀಮೋ ನಡೆಯುವಾಗ ಡಾಕ್ಟರಿಗೆ ಹೇಳದೆ ಏನನ್ನೂ ಕೊಡಬಾರದು ಅನ್ನುವುದಕ್ಕೆ ನನ್ನ ಪೂರ್ಣ ಸಮ್ಮತಿ ಇದೆ. ಭಾರತದಲ್ಲಿ ಇಂಥ ಗಿಡಮೂಲಿಕೆಗಳ ಪ್ರಯೋಗ ಎಲ್ಲಿ ನಡೆಯುತ್ತಿದೆ ಅಂತ ತಿಳಿಯುವ ದಾರಿ ಇದೆಯೇ?

ಔಷಧಿ ಕೌಂಟರ್, ಮೈಸೂರು

ಇದೆ ಸರ್. ಸಿಟಿಆರ್‌ಐ ಅಂತ ಭಾರತದ ಪ್ರಯೋಗಗಳ ನೋಂದಣಿ ಪುಸ್ತಕ ಇದೆ, 2007ರಿಂದ. ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಆಯುರ್ವೇದದ ಪ್ರಯೋಗಗಳೂ ಅಲ್ಲಿ ಸಿಗುತ್ತವೆ. ಗ್ಲಯೋಮಾ ಅಂತ ಹುಡುಕಿ, ಗ್ಲಯೋಬ್ಲಾಸ್ಟೋಮಾ ಸೇರುವ ಗಡ್ಡೆಗಳ ಗುಂಪಿನ ಹೆಸರು ಅದು. ಯಾವ ಊರು, ಯಾವ ಆಸ್ಪತ್ರೆ, ಎಂಥ ರೋಗಿಗಳನ್ನು ಸೇರಿಸಿಕೊಳ್ಳುತ್ತಾರೆ, ಎಲ್ಲ ಬರೆದಿರುತ್ತಾರೆ. ಪ್ರಯೋಗಕ್ಕೆ ಸೇರಲು ದುಡ್ಡು ಕೊಡಿ ಅಂತ ಯಾರಾದರೂ ಕೇಳಿದರೆ ಎಚ್ಚರವಾಗಿರಿ.

ಉಣಕಲ್ ಕೆರೆ, ಹುಬ್ಬಳ್ಳಿ

ನಮಸ್ಕಾರ ರೀ. ನಮ್ಮ ಅಕ್ಕನಿಗೂ ಇದೇ ಗಡ್ಡೆ. ಒಬ್ಬರು ವಿಟಮಿನ್ ಸಿ ಡ್ರಿಪ್ ಹಾಕಿಸಿ ಅಂತಿದ್ದಾರೆ. ಅದು ಮಾತ್ರೆ ಹಾಗಲ್ಲ, ನೇರ ರಕ್ತಕ್ಕೆ ಹೋಗುತ್ತದೆ, ತಟ್ಟೆಯಲ್ಲಿ ಬೇಕಾದಷ್ಟು ಪ್ರಮಾಣ ಮುಟ್ಟುತ್ತದೆ ಅಂತ ಅವರ ವಾದ. ನಿಜವೇ? ಅಕ್ಕನಿಗೆ ಡೆಕ್ಸಾಮೆಥಾಸೋನ್‌ನಿಂದ ಶುಗರ್ ಬಂದಿದೆ, ಇನ್ಸುಲಿನ್ ನಡೀತಿದೆ.

ಪೆಟ್ರಿತಟ್ಟೆ, ಬೆಂಗಳೂರು

ಅವರ ವಾದದ ಮೊದಲ ಭಾಗ ನಿಜ. ಬಾಯಿಂದ ಎಷ್ಟೇ ವಿಟಮಿನ್ ಸಿ ತಗೊಂಡರೂ ರಕ್ತದಲ್ಲಿ ಸುಮಾರು 200 ಮೈಕ್ರೋಮೋಲಾರ್ ದಾಟುವುದು ಕಷ್ಟ, ಕಿಡ್ನಿ ಹೊರಹಾಕುತ್ತದೆ. ಡ್ರಿಪ್‌ನಲ್ಲಿ ಅದರ ಹತ್ತಾರು ಪಟ್ಟು ಏರುತ್ತದೆ. ತಟ್ಟೆಯಲ್ಲಿ ಕೋಶ ಸಾಯುವ ಮಟ್ಟ ಅದು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ರೇಡಿಯೇಷನ್, ಟೆಮೊಜೋಲೊಮೈಡ್ ಜೊತೆ ಗ್ಲಯೋಬ್ಲಾಸ್ಟೋಮಾ ರೋಗಿಗಳಿಗೆ ಕೊಟ್ಟು ನೋಡಿದ್ದಾರೆ. 2019ರಲ್ಲಿ ಬಂದದ್ದು 11 ಜನರ ಮೊದಲ ಹಂತದ ವರದಿ. ಮೊದಲ ಹಂತ ಇರುವುದು ಸುರಕ್ಷತೆ ನೋಡಲು. ಆಯಸ್ಸು ಹೆಚ್ಚುತ್ತದೆಯೇ ಅಂತ ಹೇಳಲು, ಡ್ರಿಪ್ ಇಲ್ಲದ ಇನ್ನೊಂದು ಗುಂಪಿನ ಜೊತೆ ಹೋಲಿಸಬೇಕು. 11 ಜನರ ವರದಿಯಿಂದ ಅದು ಆಗುವುದಿಲ್ಲ. ಇನ್ಸುಲಿನ್ ವಿಷಯ ಫಾರ್ಮಸಿಸ್ಟ್ ಮೇಡಂ ಹೇಳಲಿ, ಅದು ತುಂಬಾ ಮುಖ್ಯ.

ಔಷಧಿ ಕೌಂಟರ್, ಮೈಸೂರು

ಹೌದು, ಇದನ್ನು ಗಮನವಿಟ್ಟು ಓದಿ. ದೊಡ್ಡ ಪ್ರಮಾಣದ ವಿಟಮಿನ್ ಸಿ ಡ್ರಿಪ್ ಆದ ಮೇಲೆ ಮನೆಯ ಶುಗರ್ ಮೀಟರ್ ಮೋಸ ಹೋಗುತ್ತದೆ. ಅದರ ಪಟ್ಟಿಗೆ ವಿಟಮಿನ್ ಸಿ ಕೂಡ ಸಕ್ಕರೆಯ ಹಾಗೆ ಕಾಣುತ್ತದೆ. ನಿಜವಾದ ಶುಗರ್ 120 ಇದ್ದರೂ ಮೀಟರ್ ಬಹಳ ಜಾಸ್ತಿ ತೋರಿಸಬಹುದು. ಅದನ್ನು ನಂಬಿ ಇನ್ಸುಲಿನ್ ಏರಿಸಿದರೆ ಶುಗರ್ ಕುಸಿದು ಪ್ರಜ್ಞೆ ತಪ್ಪುತ್ತದೆ. ಜೀವಕ್ಕೇ ಅಪಾಯ. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವವರಲ್ಲಿ ಈ ಡ್ರಿಪ್‌ನಿಂದ ಕೆಂಪು ರಕ್ತಕಣಗಳು ಒಡೆಯುತ್ತವೆ. ಕಿಡ್ನಿ ದುರ್ಬಲ ಇರುವವರಿಗೆ ಆಕ್ಸಲೇಟ್ ಹರಳು ಕಟ್ಟಿ ಕಿಡ್ನಿ ನಿಲ್ಲಬಹುದು.

ಡ್ರಿಪ್ ಹಾಕುತ್ತೇನೆ ಅನ್ನುವವರನ್ನು ನೇರವಾಗಿ ಕೇಳಿ. ಜಿ6ಪಿಡಿ ಪರೀಕ್ಷೆ ಮಾಡಿಸುತ್ತೀರಾ? ಕಿಡ್ನಿ ಸರಿ ಇದೆಯಾ ಅಂತ ತಿಳಿಯಲು ಕ್ರಿಯಾಟಿನಿನ್ ನೋಡಿದ್ದೀರಾ? ಅಕ್ಕನ ಕ್ಯಾನ್ಸರ್ ಡಾಕ್ಟರ್ ಜೊತೆ ಮಾತಾಡುತ್ತೀರಾ? ಇವಕ್ಕೆ ಸರಿಯಾದ ಉತ್ತರ ಬರದಿದ್ದರೆ ಅಲ್ಲಿಂದ ಎದ್ದು ಬನ್ನಿ. ಈಗಾಗಲೇ ಡ್ರಿಪ್ ಹಾಕಿಸಿದ್ದರೆ, ಮುಂದಿನ ಇನ್ಸುಲಿನ್‌ಗೆ ಮೊದಲು ಬೆರಳಿನ ಮೀಟರ್ ನಂಬಬೇಡಿ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ರಕ್ತನಾಳದಿಂದ ರಕ್ತ ತೆಗೆಸಿ ಆಸ್ಪತ್ರೆಯ ಲ್ಯಾಬ್‌ನಲ್ಲಿ ಶುಗರ್ ಮಾಡಿಸಿ. ಡ್ರಿಪ್ ಹಾಕಿಸಿದ ವಿಷಯವನ್ನು ಲ್ಯಾಬ್‌ನವರಿಗೂ ಹೇಳಿ.

ಉಣಕಲ್ ಕೆರೆ, ಹುಬ್ಬಳ್ಳಿ

ಇನ್ನೂ ಹಾಕಿಸಿಲ್ಲ ರೀ. ನಾಳೆ ಬೆಳಿಗ್ಗೆಗೆ ಅಂತ ಗೊತ್ತು ಮಾಡಿದ್ದರು, ಈಗಲೇ ಫೋನ್ ಮಾಡಿ ಬೇಡ ಅಂತ ಹೇಳುತ್ತೇನೆ. ಸೋಮವಾರ ಅಕ್ಕನ ಡಾಕ್ಟರ್ ಸಿಗುತ್ತಾರೆ, ನಿಮ್ಮ ಪ್ರಶ್ನೆಗಳನ್ನು ಬರೆದುಕೊಂಡು ಹೋಗುತ್ತೇನೆ.